ಕಚ್ಚಾ ಫೈಲಿನ ಕೊನೆಯ ನಾಲ್ಕು ನಿಮಿಷ

ನಮ್ಮ ಭಾವ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂಬತ್ತು ಸಂಸ್ಥಾನಗಳ ಸಂಚಾರ ಮುಗಿಸಿ ಬರುತ್ತಿದ್ದರು. ಕುದುರೆಯಿಲ್ಲ, ದಂಡಿಲ್ಲ, ಕಹಳೆಯಿಲ್ಲ. ಕುತ್ತಿಗೆ ಜೋತುಬಿದ್ದ ಒಂದು ಬನಿಯನ್ನು, ಕೆನೆ ಕಟ್ಟಿ ಆರಿಹೋದ ಒಂದು ಲೋಟ ಕಾಫಿ, ಬಲಗೈಯಲ್ಲಿ ಮೌಸು, ಅಷ್ಟೇ. ಆ ಒಂಬತ್ತೂ ವೆಬ್‌ಸೈಟುಗಳು. ಅವುಗಳ ವಿಳಾಸಗಳನ್ನು ಕನ್ನಡಕದ ಅಂಗಡಿಯ ಚೀಟಿಯೊಂದರ ಬೆನ್ನಿಗೆ ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿಕೊಂಡಿದ್ದರು. ಕಂಪ್ಯೂಟರೇ ಅವನ್ನೆಲ್ಲ ನೆನಪಿಟ್ಟುಕೊಳ್ಳುತ್ತದಲ್ಲ ಎಂದು ನಾನೊಮ್ಮೆ ಹೇಳಿದ್ದಕ್ಕೆ, ಕಂಪ್ಯೂಟರನ್ನು ನಂಬುವವನಿಗೆ ಕಂಪ್ಯೂಟರಿನ ವಿಷಯ ತಿಳಿದಿಲ್ಲ ಎಂದೇ ಅರ್ಥ ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಒಂಬತ್ತು ಸಂಸ್ಥಾನಗಳದೂ ಒಂದೇ ಮತ. ಮನುಷ್ಯನು ಮಾಡಿದ ಅತ್ಯುತ್ತಮ ಕಂಪ್ಯೂಟರು ನಲವತ್ತು ವರ್ಷದ ಹಿಂದೆಯೇ ಆಗಿಹೋಯಿತು, ಆಮೇಲೆ ಬಂದದ್ದೆಲ್ಲ ಕೊಬ್ಬು. ಅದೊಂದು ಸಣ್ಣ ಕಪ್ಪು ಯಂತ್ರ. ಕೀಲಿಮಣೆಯೇ ಕಂಪ್ಯೂಟರು, ಗುಂಡಿಗಳು ಅಕ್ಷರ ಅಳಿಸುವ ರಬ್ಬರಿನ ತುಂಡುಗಳಂತೆ ಮೆತ್ತಗಿರುತ್ತವೆ. ತೆರೆಯ ಬದಲು ಮನೆಯ ಟೀವಿಗೆ ಸಿಕ್ಕಿಸಬೇಕು. ಪ್ರೋಗ್ರಾಮು ಬೇಕಾದರೆ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿ, ಐದಾರು ನಿಮಿಷ ಅದು ಕಿರ್ರೋ ಎಂದು ಕಿರುಚುವುದನ್ನು ಸಹಿಸಿಕೊಂಡು ಕಾಯಬೇಕು. ಕೊನೆಗೆ ಒಂದು ಸಲ ಬರುತ್ತದೆ, ಎರಡು ಸಲ ಬರುವುದಿಲ್ಲ. ಆ ಒಂದು ಸಲಕ್ಕಾಗಿ ಆಯುಷ್ಯವನ್ನು ಮುಡಿಪಿಟ್ಟವರು ಲೋಕದಲ್ಲಿ ಕೆಲವು ಸಾವಿರ ಮಂದಿ ಇದ್ದಾರಂತೆ. ಅವರಲ್ಲೊಬ್ಬರಿಗೆ ನಮ್ಮ ಅಕ್ಕನನ್ನು ಕೊಟ್ಟಿದ್ದೆವು.

ಒಂಬತ್ತರಲ್ಲಿ ಒಂದು ಸಂಗೀತದ್ದು. ಆ ಕಾಲದ ಯಂತ್ರಗಳಿಗೆ ಏಕಕಾಲಕ್ಕೆ ಮೂರೇ ದನಿ ಹೊರಡಿಸಲು ಸಾಧ್ಯವಿತ್ತು. ಆ ಮೂರನ್ನೇ ಹಿಂಡಿ ಹಿಪ್ಪೆ ಮಾಡಿ ಮೂವತ್ತರಂತೆ ಕೇಳಿಸಿದ ಮಹಾನುಭಾವರ ಸಾವಿರಾರು ರಚನೆಗಳು ಅಲ್ಲಿದ್ದವು. ಭಾವ ಕಣ್ಣು ಮುಚ್ಚಿ, ತೊಡೆ ತಟ್ಟುತ್ತ ಕೇಳುತ್ತಿದ್ದರು. ನಮಗದು ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆಯೊಂದು ಶಾಸ್ತ್ರೋಕ್ತವಾಗಿ ಅಳುತ್ತಿರುವಂತೆ ಕೇಳುತ್ತಿತ್ತು. ಇನ್ನೊಂದರಲ್ಲಿ ಹಳೆಯ ಪತ್ರಿಕೆಗಳ ಪುಟಗಳು. ಪುಟದ ತುಂಬ ಪ್ರೋಗ್ರಾಮು ಅಚ್ಚಾಗಿರುತ್ತದೆ, ಓದುಗರು ಸಾಲು ಸಾಲಾಗಿ ಕೈಯಲ್ಲೇ ಒತ್ತಿ ಯಂತ್ರಕ್ಕೆ ಇಳಿಸಿಕೊಳ್ಳಬೇಕು, ಒಂದು ಅಲ್ಪವಿರಾಮ ತಪ್ಪಿದರೆ ಮುಗಿಯಿತು. ಮತ್ತೊಂದು ಕಡೆ, ಹಳೆಯದಾಗಿ ಹಳದಿ ತಿರುಗಿದ ಪ್ಲಾಸ್ಟಿಕ್ಕನ್ನು ಮದ್ದು ಹಚ್ಚಿ ಬೆಳ್ಳಗೆ ಮಾಡಬಹುದೋ ಮಾಡಬಾರದೋ ಎಂಬ ಬಗ್ಗೆ ಹನ್ನೊಂದು ವರ್ಷದಿಂದ ಯುದ್ಧ ನಡೆದಿತ್ತು. ಭಾವ ಅಲ್ಲಿ ಒಮ್ಮೆ, ಒಮ್ಮೆಯೇ, ‘ಹಳದಿಯಾಗಿಯೇ ಇರಲಿ’ ಎಂದು ಬರೆದರು. ನಲವತ್ತಾರು ಮಂದಿ ಅವರ ಮೇಲೆ ಮುಗಿಬಿದ್ದರು. ವಾರವಿಡೀ ಭಾವ ಗಾಯಗೊಂಡ ಸೇನಾಪತಿಯಂತೆ ಮನೆಯಲ್ಲಿ ಓಡಾಡಿದರು. ಇನ್ನೂ ಒಂದಿತ್ತು. ಒಬ್ಬಾಕೆ ಆ ಯಂತ್ರಗಳಿಗೆ ಕರೆಂಟು ಕೊಡುವ ಅಡಾಪ್ಟರುಗಳ ಫೋಟೋ ಮಾತ್ರ ತೆಗೆದು ಹಾಕುತ್ತಿದ್ದಳು. ಇದನ್ನೆಲ್ಲ ಯಾಕೆ ತೆಗೀತಾಳೆ ಎಂದು ಅಕ್ಕ ಕೇಳಿದರೆ, ಯಾರಾದರೂ ತೆಗೆಯಬೇಕಲ್ಲ ಎಂದು ಭಾವ ಗಂಭೀರವಾಗಿ ಉತ್ತರಿಸಿದರು.

ಇವೆಲ್ಲ ಸಾಮಂತರು. ಚಕ್ರವರ್ತಿಯ ಸ್ಥಾನ ಟೇಪಜ್ಜನದು.

ಟೇಪಜ್ಜ ಎಂಬುದು ಭಾವ ಇಟ್ಟ ಹೆಸರು. ಯಾವುದೋ ದೂರದೇಶದಲ್ಲಿ ಟ್ರಾಮು ಓಡಿಸಿ ನಿವೃತ್ತನಾದ ಮುದುಕ. ಮನೆಯ ಗ್ಯಾರೇಜಿನಲ್ಲಿ ಮೂರು ಟೇಪ್ ರೆಕಾರ್ಡರುಗಳನ್ನು ಎದುರಿಗಿಟ್ಟುಕೊಂಡು, ಜನ ಅಂಚೆಯಲ್ಲಿ ಕಳಿಸಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಓಡಿಸಿ, ಬೂಷ್ಟು ಒರೆಸಿ, ಅದರಲ್ಲಿದ್ದುದನ್ನು ಫೈಲುಗಳಾಗಿಸಿ ತನ್ನ ವೆಬ್‌ಸೈಟಿನಲ್ಲಿ ಇಡುವುದು ಅವನ ಕೆಲಸ. ಸಾವಿರದ ನಾನೂರು ಕ್ಯಾಸೆಟ್ಟುಗಳು. ಪ್ರತಿಯೊಂದಕ್ಕೂ ಒಂದು ಪುಟ, ಪ್ರತಿ ಪುಟದಲ್ಲೂ ಅಜ್ಜನ ಟಿಪ್ಪಣಿ: ಯಾರು ಕಳಿಸಿದ್ದು, ಎಲ್ಲಿ ಸುಕ್ಕಾಗಿದೆ, ಹೊದಿಕೆಯ ಮೇಲಿನ ಕೈಬರಹ ಯಾವ ವಯಸ್ಸಿನವರದಿರಬಹುದು. ಪುಟದ ಅಡಿಯಲ್ಲಿ ಎರಡು ಗುಂಡಿಗಳು. ಒಂದನ್ನು ಒತ್ತಿದರೆ ಕಚ್ಚಾ ಫೈಲು, ಅಂದರೆ ಕ್ಯಾಸೆಟ್ಟು ತಲೆಯಿಂದ ಬಾಲದವರೆಗೆ ಹೇಗೆ ಕೇಳುತ್ತದೋ ಹಾಗೆಯೇ, ಗೊರಗೊರ ಸಮೇತ. ಇನ್ನೊಂದು ಶುದ್ಧ ಫೈಲು. ಯಂತ್ರಕ್ಕೆ ಬೇಕಾದ ಕಿರುಚಾಟವನ್ನಷ್ಟೇ ಆರಿಸಿ ಉಳಿದದ್ದನ್ನೆಲ್ಲ ಕಸವೆಂದು ತೆಗೆದುಹಾಕಿದ್ದು. ಕಚ್ಚಾ ಫೈಲು ಆನೆಯಾದರೆ ಶುದ್ಧ ಫೈಲು ಇರುವೆ. ಈ ಪಂಥದವರಿಗೆ ಇರುವೆಯೇ ಪೂಜ್ಯ. ಆನೆಯನ್ನು ಇಳಿಸಿಕೊಳ್ಳುವವನನ್ನು ಅವರು ಹುಳಿ ಕಾಯಿ ಕಚ್ಚಿದವನನ್ನು ನೋಡುವಂತೆ ನೋಡುತ್ತಾರೆ.

ಏಳು ವರ್ಷದ ಹಿಂದೆ ಭಾವ ತಮ್ಮ ಯೌವನದ ಹನ್ನೊಂದು ಕ್ಯಾಸೆಟ್ಟುಗಳನ್ನು ಹತ್ತಿಯಲ್ಲಿ ಸುತ್ತಿ ಅಜ್ಜನಿಗೆ ಕಳಿಸಿದ್ದರು. ಅಜ್ಜ ಅವನ್ನೆಲ್ಲ ಏರಿಸಿ, ವಾಪಸ್ ಕಳಿಸಲೇ ಎಂದು ಕೇಳಿದ. ಬೇಡ, ನಿಮ್ಮ ಬಳಿಯೇ ಇರಲಿ, ಅದೇ ಅವಕ್ಕೆ ಮರ್ಯಾದೆ ಎಂದು ಭಾವ ಬರೆದರು. ಆ ಕಾಗದ ಬರೆದ ದಿನ ಅವರ ಎದೆ ಎರಡಂಗುಲ ಹಿಗ್ಗಿತ್ತು ಎಂದು ಅಕ್ಕ ಹೇಳುತ್ತಾಳೆ.

ಇಷ್ಟೆಲ್ಲ ಓದಿ ನಮ್ಮ ಭಾವನನ್ನು ಕೆಲಸವಿಲ್ಲದವರು ಎಂದುಕೊಳ್ಳಬೇಡಿ. ಅವರು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಾರೆ. ಮುಂದುಗಡೆ ಕನ್ನಡಿ, ದೀಪ, ನಗುವ ಹುಡುಗಿಯರು. ಹಿಂದುಗಡೆ ನೀರು ತೊಟ್ಟಿಕ್ಕುವ ಒಂದು ಚಕ್ರ ಮತ್ತು ಭಾವ. ದುಂಡನೆಯ ಗಾಜನ್ನು ಚೌಕಟ್ಟಿನ ಆಕಾರಕ್ಕೆ ಉಜ್ಜಿ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾದರೆ ಗಿರಾಕಿ ಸೀನಿದಾಗ ಕಳಚಿ ಸಾರಿನ ಬಟ್ಟಲಿಗೆ ಬೀಳುತ್ತದೆ. ಮೂವತ್ತೈದು ವರ್ಷದಲ್ಲಿ ಭಾವನ ಗಾಜು ಒಂದೂ ಕಳಚಿದ್ದಿಲ್ಲ. ಹೆಚ್ಚಾದದ್ದನ್ನು ಉಜ್ಜಿ ತೆಗೆದು ಬೇಕಾದಷ್ಟನ್ನೇ ಉಳಿಸುವುದು ಅವರ ವೃತ್ತಿಯೂ ಹೌದು, ಧರ್ಮವೂ ಹೌದು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಮನೆ ಹಾಳಾದದ್ದು ಈ ಒಳ್ಳೆಯ ಗುಣದಿಂದಲೇ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಕತೆಯಲ್ಲಿ ಶಿಕ್ಷೆ ಅನುಭವಿಸಿದವನು ನಾನು.

ಅಮ್ಮ ಹಾಡುತ್ತಿದ್ದಳು. ದೊಡ್ಡ ಹಾಡುಗಾರ್ತಿಯೇನಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ಯಾರ ಮೇಲಾದರೂ ಸಿಟ್ಟು ಬಂದು ಮಾತು ಬಿಟ್ಟಾಗ ಹಾಡುತ್ತಿದ್ದಳು. ಅಪ್ಪ ಒಂದು ದಿನ ಪಕ್ಕದವರ ಟೇಪ್ ರೆಕಾರ್ಡರು ತಂದು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಕ್ಯಾಸೆಟ್ಟಿನ ಒಂದು ಬದಿಯ ತುಂಬ ಅವಳ ಹಾಡು ಹಿಡಿದರು. ಆಮೇಲೆ ಕ್ಯಾಸೆಟ್ಟಿನ ಬೆನ್ನಿನ ಎರಡು ಹಲ್ಲುಗಳನ್ನು ಚಾಕುವಿನಿಂದ ಮುರಿದರು. ಹಲ್ಲು ಮುರಿದ ಕ್ಯಾಸೆಟ್ಟಿನ ಮೇಲೆ ಬೇರೇನೂ ರೆಕಾರ್ಡ್ ಮಾಡಲು ಬರುವುದಿಲ್ಲ. ರೆಕಾರ್ಡರಿನ ಗುಂಡಿಯೇ ಒಳಗೆ ಹೋಗುವುದಿಲ್ಲ. ಅಕ್ಕನ ಮದುವೆಯಾದ ತಿಂಗಳಲ್ಲಿ ಆ ಕ್ಯಾಸೆಟ್ಟು ಮಾಯವಾಯಿತು. ಆಗ ನನಗೆ ಹತ್ತು ವರ್ಷ. ಆ ಹಿಂದಿನ ವಾರವಷ್ಟೇ ನಾನು ಯಾವುದೋ ಹಾಳು ಕ್ಯಾಸೆಟ್ಟಿನ ಕರುಳು ಎಳೆದು ಗಾಳಿಪಟಕ್ಕೆ ಬಾಲ ಮಾಡಿದ್ದೆ. ಸಾಕ್ಷಿ ಬೇಕಿರಲಿಲ್ಲ. ವಿಚಾರಣೆ ಎರಡು ನಿಮಿಷದಲ್ಲಿ ಮುಗಿಯಿತು. ಮರುವರ್ಷ ಅಮ್ಮ ತೀರಿಕೊಂಡಳು. ಅವಳ ದನಿ ಬೇರೆಲ್ಲೂ ಇರಲಿಲ್ಲ.

ಅಂದಿನಿಂದ ಮೂವತ್ತನಾಲ್ಕು ವರ್ಷ, ಮನೆಗೆ ಯಾರೇ ಬರಲಿ, ಅಕ್ಕ ನನ್ನ ಪರಿಚಯ ಮಾಡಿಕೊಡುವ ರೀತಿ ಒಂದೇ: ‘ಇವನು ನನ್ನ ತಮ್ಮ. ಅಮ್ಮನ ಕ್ಯಾಸೆಟ್ ಹಾಳು ಮಾಡಿದವನು.’ ನನ್ನ ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೂ ಹೀಗೆಯೇ ಪರಿಚಯ ಮಾಡಿಸಿದಳು. ನಗುತ್ತಲೇ ಹೇಳುತ್ತಿದ್ದಳು. ಆದರೆ ನಗು ಕಣ್ಣಿನವರೆಗೆ ಏರುತ್ತಿರಲಿಲ್ಲ.

ಹೋದ ವರ್ಷ ಟೇಪಜ್ಜನ ವೆಬ್‌ಸೈಟಿನ ಮುಖಪುಟದಲ್ಲಿ ಎರಡು ಸಾಲಿನ ಪ್ರಕಟಣೆ ಬಂತು. ನನಗೆ ದಣಿವಾಗಿದೆ, ಈ ತಿಂಗಳ ಕೊನೆಗೆ ಇದು ಮುಚ್ಚುತ್ತದೆ, ಬೇಕಾದವರು ಬೇಕಾದ್ದನ್ನು ಇಳಿಸಿಕೊಳ್ಳಿ, ಇಷ್ಟು ದಿನ ಬಂದುಹೋದದ್ದಕ್ಕೆ ವಂದನೆ. ಭಾವ ಅಂದು ಕಾಫಿ ಲೋಟವನ್ನು ಹಾಗೇ ಪಕ್ಕಕ್ಕೆ ಸರಿಸಿದರು. ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ, ಜ್ವರವಿಲ್ಲದೆ, ಐದು ದಿನ ರಜೆ ಹಾಕಿದರು. ಅಂಗಡಿಯ ಯಜಮಾನರು ಯಾರಾದರೂ ಹೋಗಿಬಿಟ್ಟರೇ ಎಂದು ಫೋನು ಮಾಡಿ ವಿಚಾರಿಸಿದರಂತೆ. ಹೋಗ್ತಾ ಇದ್ದಾರೆ ಎಂದು ಅಕ್ಕ ಹೇಳಿದಳು.

ಶುರುವಾಯಿತು ದಂಡಯಾತ್ರೆ. ಅವರ ಮನೆಯ ಇಂಟರ್ನೆಟ್ಟಿಗೆ ನಡೆಯುವುದೇ ಕಷ್ಟ, ಓಡುವುದೆಲ್ಲಿಂದ. ಭಾವ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ಕಚ್ಚಾ ಫೈಲುಗಳನ್ನು ಇಳಿಸಿದರೆ ತಿಂಗಳ ಕೊನೆಗೆ ನೂರು ಕ್ಯಾಸೆಟ್ಟೂ ಆಗುವುದಿಲ್ಲ. ಶುದ್ಧ ಫೈಲುಗಳಾದರೆ ಸಾವಿರದ ನಾನೂರೂ ಬರುತ್ತವೆ, ಟಿಪ್ಪಣಿ ಪುಟಗಳ ಸಮೇತ. ಯೋಚಿಸುವುದೇನಿದೆ? ಶುದ್ಧವಾದದ್ದು ಸಿಗುವಾಗ ಕಚ್ಚಾ ಯಾರಿಗೆ ಬೇಕು? ಬೆಳಗಿನಿಂದ ಸಂಜೆಯವರೆಗೆ ಗುಂಡಿ ಒತ್ತಿದರು. ಬೆರಳು ಬಾತುಕೊಂಡಿತು. ಅಕ್ಕ ತುತ್ತು ಮಾಡಿ ಬಾಯಿಗಿಟ್ಟಳು. ಐದನೆಯ ದಿನ ಮಧ್ಯಾಹ್ನ ಕೊನೆಯ ಇರುವೆಯೂ ಗೂಡು ಸೇರಿತು. ಭಾವ ಎದ್ದು ನಿಂತು, ನಡು ನೆಟ್ಟಗೆ ಮಾಡಿ, ಹಳದಿ ಪ್ಲಾಸ್ಟಿಕ್ಕಿನ ರಣರಂಗಕ್ಕೆ ಹೋಗಿ, ಎಲ್ಲವನ್ನೂ ಉಳಿಸಿದ್ದೇನೆ ಎಂದು ಘೋಷಿಸಿದರು. ಹಿಂದೆ ಅವರ ಮೇಲೆ ಮುಗಿಬಿದ್ದಿದ್ದವರೇ ಈಗ ಜೈಕಾರ ಹಾಕಿದರು. ತಿಂಗಳು ಮುಗಿಯಿತು, ಟೇಪಜ್ಜನ ಮನೆಯ ಬಾಗಿಲು ಮುಚ್ಚಿತು.

ಇದಾಗಿ ಹದಿನೈದು ದಿನಕ್ಕೆ ಭಾವ ನನಗೆ ಫೋನು ಮಾಡಿದರು. ಅವರು ಫೋನು ಮಾಡುವವರಲ್ಲ. ಅಂಗಡಿಗೆ ಬಾ, ಹಿಂದಿನ ಬಾಗಿಲಿಂದ ಬಾ ಎಂದಷ್ಟೇ ಹೇಳಿದರು. ಹೋದೆ. ಚಕ್ರ ನಿಂತಿತ್ತು. ಭಾವ ಕೈಯಲ್ಲಿ ಯಾರದೋ ಎಡಗಣ್ಣಿನ ಗಾಜು ಹಿಡಿದು ಒರೆಸುತ್ತಿದ್ದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು.

“ನಿಂಗೊಂದು ವಿಷಯ ಹೇಳ್ಬೇಕು. ಅಮ್ಮನ ಕ್ಯಾಸೆಟ್ ಹಾಳ್ಮಾಡಿದ್ದು ನೀನಲ್ಲ.”

“ಅದು ನಂಗೆ ಗೊತ್ತಲ್ಲ ಭಾವ. ಮೂವತ್ನಾಲ್ಕು ವರ್ಷದಿಂದ ನಂಗೊಬ್ಬನಿಗೇ ಗೊತ್ತಿರೋದು.”

“ನಿಂಗೊಬ್ಬನಿಗೇ ಅಲ್ಲ,” ಎಂದರು ಭಾವ. “ನಂಗೂ ಗೊತ್ತಿತ್ತು.”

ಆಮೇಲೆ ಗಾಜು ಒರೆಸುತ್ತಲೇ ಎಲ್ಲ ಹೇಳಿದರು. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಬಂದ ಅಳಿಯ ಬದಲಿ ಬಟ್ಟೆ ಮರೆತು ಬಂದಿದ್ದರು, ಯಂತ್ರವನ್ನು ಮರೆತಿರಲಿಲ್ಲ. ಹೆಂಡತಿಗೆ ಅಚ್ಚರಿ ಮಾಡಬೇಕೆಂದು ಮೂರು ದಿನ ಕೂತು, ಯಂತ್ರವೇ ಒಂದು ರಾಗ ನುಡಿಸುವಂಥ ಪ್ರೋಗ್ರಾಮು ಬರೆದರು. ಮೂರನೆಯ ದಿನ ಮಧ್ಯಾಹ್ನ ಅದು ನುಡಿಯಿತು. ಅಷ್ಟರಲ್ಲಿ ದೀಪ ಮಿಣುಕತೊಡಗಿತು. ಕರೆಂಟು ಹೋದರೆ ಮೂರು ದಿನದ ದುಡಿಮೆ ಗಾಳಿಗೆ. ಕೈಗೆ ಸಿಕ್ಕಿದ ಕ್ಯಾಸೆಟ್ಟು ಎಳೆದುಕೊಂಡರು. ಅದರ ಮೇಲೆ ಚೀಟಿಯಿರಲಿಲ್ಲ, ಹಲ್ಲುಗಳೂ ಇರಲಿಲ್ಲ. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ಟುಗಳಿಗೆ ಹುಟ್ಟಿನಿಂದಲೇ ಹಲ್ಲಿರುವುದಿಲ್ಲ. ಇದೂ ಅಂಥದ್ದೇ, ಹೋದರೆ ಇನ್ನೊಂದು ತಂದರಾಯಿತು ಎಂದುಕೊಂಡರು. ಹಲ್ಲಿಲ್ಲದ ಸಂದಿಗೆ ಅಂಟುಪಟ್ಟಿ ಹಾಕಿದರೆ ರೆಕಾರ್ಡರು ಮೋಸಹೋಗುತ್ತದೆ ಎಂಬುದು ಈ ಪಂಥದವರ ಕೈಗೆ ತಲೆಗಿಂತ ಮೊದಲು ಗೊತ್ತಿರುತ್ತದೆ. ಅಂಟಿಸಿದರು, ಒತ್ತಿದರು. ಭದ್ರವಾಗಿರಲಿ ಎಂದು ಒಂದೇ ಪ್ರೋಗ್ರಾಮನ್ನು ಒಂದಾದ ಮೇಲೊಂದರಂತೆ ಮೂರು ಸಲ ಇಳಿಸಿದರು. ಅದೂ ಅವರ ನೇಮ. ನಾಲ್ಕನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆದಳು.

ಸಂಜೆ ಅಮ್ಮ ಕ್ಯಾಸೆಟ್ಟು ಹುಡುಕತೊಡಗಿದಾಗ ಹೊಸ ಅಳಿಯನ ನಾಲಿಗೆ ಬಿದ್ದುಹೋಯಿತು. ಆಮೇಲೆ ಎತ್ತಲು ಸಮಯ ಸಿಗಲೇ ಇಲ್ಲ.

ನಾನು ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಆದದ್ದು ಸಂತೋಷ. ಅಬ್ಬಾ, ಎಂಥ ಸಂತೋಷ. ಬ್ಯಾಂಡು ತರಿಸಬೇಕು, ಊರತುಂಬ ಭಿತ್ತಿಪತ್ರ ಅಂಟಿಸಬೇಕು, ನನ್ನ ಬೀಗರನ್ನೆಲ್ಲ ಕರೆಸಿ ಸಾಲಾಗಿ ಕೂರಿಸಬೇಕು ಎನಿಸಿತು. ಭಾವನ ಮುಖ ನೋಡಿ ಅವರನ್ನು ಎಷ್ಟು ವರ್ಷ ಗೋಳುಹೊಯ್ದುಕೊಳ್ಳಬಹುದು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಆಗ ಅವರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟರು. ಟೇಪಜ್ಜನ ಪುಟ. ಉಳಿಸಿಕೊಂಡ ಪುಟಗಳನ್ನು ದಿನಕ್ಕಿಷ್ಟರಂತೆ ಓದುತ್ತ ಬಂದು, ಹಿಂದಿನ ದಿನ, ಹಾಡೆಲ್ಲ ಅಳಿಸಿಹೋಯಿತೆಂದು ನಂಬಿ ಹನ್ನೊಂದರ ಜೊತೆ ಅಜ್ಜನಿಗೆ ಕಳಿಸಿದ್ದ ಅದೇ ಕ್ಯಾಸೆಟ್ಟಿನ ಪುಟಕ್ಕೆ ತಲುಪಿದ್ದರು. ಹಿಂದೆ ನೋಡಿದಾಗ ಅಲ್ಲಿ ಒಂದೇ ಸಾಲಿತ್ತಂತೆ. ಆಮೇಲೆ ಯಾವಾಗಲೋ ಅಜ್ಜ ಇನ್ನಷ್ಟು ಸೇರಿಸಿದ್ದ. ಭಾವ ಅದನ್ನು ಕೆಳಗೆ ಕನ್ನಡದಲ್ಲಿ ಬರೆದುಕೊಂಡಿದ್ದರು:

‘ಪ್ರೋಗ್ರಾಮು ಮೂರು ಸಲ ಇದೆ. ಅದಾದ ಮೇಲೆ ಸುಮಾರು ನಾಲ್ಕು ನಿಮಿಷ ಒಬ್ಬ ಹೆಂಗಸು ಹಾಡುತ್ತಾರೆ. ಭಾಷೆ ನನಗೆ ಗೊತ್ತಿಲ್ಲ. ನಡುವೆ ಹಾಡು ನಿಲ್ಲಿಸಿ ಯಾರನ್ನೋ ಗದರುತ್ತಾರೆ, ಮತ್ತೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತಾರೆ. ಇದು ಕಚ್ಚಾ ಫೈಲಿನಲ್ಲಿ ಮಾತ್ರ ಇದೆ. ಶುದ್ಧ ಫೈಲಿನಲ್ಲಿ ತೆಗೆದಿದ್ದೇನೆ. ತೆಗೆದ ಮೇಲೂ ಕಚ್ಚಾದಲ್ಲಿ ಎಷ್ಟೋ ಸಲ ಕೇಳಿದ್ದೇನೆ.’

ಎರಡು ಸಲ ಓದಿದೆ. ಅಮ್ಮ ಗದರುವುದು ಕಿವಿಗೇ ಬಿದ್ದಂತಾಯಿತು, ಆದರೆ ಏನು ಗದರಿದಳು ಎಂದು ಮಾತ್ರ ಕೇಳಿಸಲಿಲ್ಲ.

“ಹಾಕಿ ಮತ್ತೆ, ಕೇಳೋಣ,” ಎಂದೆ.

ಭಾವ ಚಕ್ರದ ನಲ್ಲಿ ತಿರುಗಿಸಿದರು. ನೀರು ಸುಮ್ಮನೆ ಹರಿಯಿತು. ಉಜ್ಜಲು ಏನೂ ಇರಲಿಲ್ಲ.

“ನಾನು ಶುದ್ಧದ್ದು ಇಳಿಸ್ಕೊಂಡೆ ಕಣೋ,” ಎಂದರು.

ನನ್ನ ಬ್ಯಾಂಡು, ಭಿತ್ತಿಪತ್ರ, ಬೀಗರು ಎಲ್ಲ ಆ ನೀರಿನ ಜೊತೆಯಲ್ಲೇ ಹರಿದುಹೋದವು. ಮನುಷ್ಯನನ್ನು ಬೈಯಬೇಕಾದರೆ ಅವನು ಸ್ವಲ್ಪವಾದರೂ ನೆಟ್ಟಗೆ ನಿಂತಿರಬೇಕು. ಭಾವ ಗೋಡೆಗೆ ಒರಗಿಕೊಂಡಿದ್ದರು, ಗೋಡೆಯೂ ಅವರಿಗೆ ಒರಗಿಕೊಂಡಂತೆ ಕಾಣುತ್ತಿತ್ತು.

ಆಮೇಲಿನ ಒಂದು ತಿಂಗಳು ನಾವಿಬ್ಬರೂ ಒಟ್ಟಿಗೆ ಹುಡುಕಿದೆವು. ಹುಡುಕಿದವರು ಭಾವ, ನಾನು ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಡುವ ಸಹಾಯಕ. ಉಳಿದ ಎಂಟು ಸಂಸ್ಥಾನಗಳಿಗೂ ಡಂಗುರ ಸಾರಿಸಿದೆವು: ಈ ನಂಬರಿನ ಕ್ಯಾಸೆಟ್ಟಿನ ಕಚ್ಚಾ ಫೈಲು ಯಾರಲ್ಲಾದರೂ ಇದೆಯೇ? ಉತ್ತರಗಳು ಸುರಿದವು. ಎಲ್ಲರಲ್ಲೂ ಇತ್ತು, ಎಲ್ಲರಲ್ಲೂ ಶುದ್ಧವೇ. ಒಬ್ಬ ಪುಣ್ಯಾತ್ಮ ಶುದ್ಧ ಫೈಲನ್ನು ಮೂರು ಬೇರೆ ಬೇರೆ ಕಡೆ ಭದ್ರವಾಗಿಟ್ಟಿದ್ದೇನೆ, ಚಿಂತಿಸಬೇಡಿ ಎಂದು ಸಮಾಧಾನ ಹೇಳಿದ. ಅಡಾಪ್ಟರಿನ ಹೆಂಗಸು, ನನ್ನಲ್ಲಿಲ್ಲ, ಆದರೆ ನಿಮ್ಮ ಅತ್ತೆಯವರ ವಿಷಯ ಓದಿ ಬಹಳ ಬೇಸರವಾಯಿತು ಎಂದು ಬರೆದಳು. ಹಳೆಯ ವೆಬ್ ಪುಟಗಳನ್ನೆಲ್ಲ ನಕಲು ಮಾಡಿಡುವ ದೊಡ್ಡ ಉಗ್ರಾಣವೊಂದಿದೆಯಂತೆ, ಅಲ್ಲೂ ನೋಡಿದೆವು. ಪುಟಗಳಿದ್ದವು, ಗುಂಡಿಗಳೂ ಇದ್ದವು. ಒತ್ತಿದರೆ ಏನೂ ಇಲ್ಲ. ಆನೆಗಳನ್ನು ಅವರೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಶುದ್ಧ ಫೈಲನ್ನಾದರೂ ಹಾಕಿ ನೋಡೋಣ ಎಂದೆ. ಹಾಕಿದರು. ಯಂತ್ರ ಮೂರು ದನಿಯಲ್ಲಿ, ಹೊಸ ಹೆಂಡತಿಗಾಗಿ ಬರೆದ ಆ ರಾಗವನ್ನು ಒಂದು ತಪ್ಪಿಲ್ಲದೆ ನುಡಿಸಿತು. ಭಾವ ಅರ್ಧದಲ್ಲೇ ಆರಿಸಿಬಿಟ್ಟರು.

ಕೊನೆಗೆ ಟೇಪಜ್ಜನ ಹಳೆಯ ವಿಳಾಸಕ್ಕೆ ಬರೆದ ಪತ್ರಕ್ಕೆ ಅವನ ಮಗಳು ಉತ್ತರಿಸಿದಳು. ಅವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವಾಕೆ, ಅಚ್ಚುಕಟ್ಟಾಗಿ ಬರೆದಿದ್ದಳು. ಅಪ್ಪನಿಗೆ ಮರೆವಿನ ಕಾಯಿಲೆ. ಅದಕ್ಕೇ ಎಲ್ಲ ಮುಚ್ಚಿದ್ದು. ಗ್ಯಾರೇಜು ಖಾಲಿ ಮಾಡಿದಾಗ ಕ್ಯಾಸೆಟ್ಟುಗಳು ಉಳಿದ ಸಾಮಾನಿನ ಜೊತೆ ಎರಡು ವ್ಯಾನಿನಲ್ಲಿ ಕಸಕ್ಕೆ ಹೋದವು. ಕಂಪ್ಯೂಟರು ಮಾತ್ರ ತನ್ನ ಬಳಿಯಿದೆ, ಫೈಲುಗಳೆಲ್ಲ ಅದರೊಳಗೆ ಇರಲೇಬೇಕು. ಆದರೆ ಅದು ತೆರೆಯಬೇಕಾದರೆ ಒಂದು ಗುಪ್ತಪದ ಕೇಳುತ್ತದೆ. ಅಂಗಡಿಯವರಿಗೆ ತೋರಿಸಿದ್ದಾಯಿತು. ಬೀಗ ಹಾಕಿದವರೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದರಂತೆ. ಪ್ರತಿ ಭಾನುವಾರ ಅಪ್ಪನನ್ನು ಕೇಳುತ್ತೇನೆ, ಅವರು ಖುಷಿಯಿಂದ ಏನೇನೋ ಹೇಳುತ್ತಾರೆ, ಯಾವುದೂ ಅಲ್ಲ. ಬೇಕಾದರೆ ಈ ಭಾನುವಾರ ವಿಡಿಯೋದಲ್ಲಿ ನೀವೇ ಮಾತಾಡಿ, ಅದೇ ಹುಚ್ಚಿನವರನ್ನು ಕಂಡರೆ ಅಪ್ಪನಿಗೆ ಏನಾದರೂ ಹೊಳೆದೀತು.

ಅಂದರೆ ಭಾನುವಾರದೊಳಗೆ ಅಕ್ಕನಿಗೆ ಹೇಳಬೇಕು. ಭಾವ ಶನಿವಾರ ಹೇಳಿದರು. ಧೈರ್ಯಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ಅಕ್ಕ ಒಗೆದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಭಾವ ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ಉಜ್ಜಿ ತೆಗೆಯದೆ, ಕಚ್ಚಾ ಆಗಿಯೇ ಹೇಳಿದರು. ಅಕ್ಕನ ಕೈ ನಿಲ್ಲಲಿಲ್ಲ. ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

“ಅಂಟುಪಟ್ಟಿ ಎಲ್ಲಿತ್ತು?” ಎಂದು ಕೇಳಿದಳು.

“ನಿಮ್ಮಪ್ಪನ ಮೇಜಿನ ಡ್ರಾಯರಲ್ಲಿ.”

“ಡ್ರಾಯರ್ ತೆಗೆದು ಹುಡುಕಿದ್ರಿ. ಕ್ಯಾಸೆಟ್ಟಲ್ಲಿ ಏನಿದೆ ಅಂತ ಒಂದ್ಸಲ ಹಾಕಿ ನೋಡ್ಲಿಲ್ಲ.”

ಅಕ್ಕ ನನ್ನ ಕಡೆ ತಿರುಗಿದಳು. ಮೂವತ್ತನಾಲ್ಕು ವರ್ಷದ ಬಾಕಿ ಈಗ ಚುಕ್ತಾ ಆಗುತ್ತದೆ ಎಂದು ನಾನು ಕೊರಳುದ್ದ ಮಾಡಿದೆ. ಅಕ್ಕನಿಗೆ ನಾನು ಕಾಣಿಸಿದಂತಿರಲಿಲ್ಲ.

“ಗದರಿದ್ದು ಯಾರನ್ನ?”

“ಅದೇ ಗೊತ್ತಿಲ್ಲ ಅಕ್ಕ. ಅಜ್ಜನಿಗೆ ಭಾಷೆ ಬರಲ್ವಲ್ಲ.”

“ನಿನ್ನನ್ನೇ ಇರುತ್ತೆ. ಕಿಟಕಿ ಹತ್ತಿ ಕೂತಿದ್ದೆ ನೀನು ಅವತ್ತು.”

“ನಾನು ಮನೇಲೇ ಇರ್ಲಿಲ್ಲ ಅವತ್ತು. ನಿನ್ನನ್ನೇ. ಬಾಗಿಲು ದಡಾರ್ ಅನ್ಸೋಳು ನೀನು.”

“ನನ್ನನ್ನ ಅಮ್ಮ ಯಾವತ್ತು ಗದರಿದ್ದಾಳೆ?”

“ಸರಿ, ಹಾಗಾದ್ರೆ ಅಪ್ಪನ್ನ.”

ಹೀಗೆ ಸುಮಾರು ಹೊತ್ತು ನಡೆಯಿತು. ಐವತ್ತಾರು ವರ್ಷದ ಅಕ್ಕ, ನಲವತ್ತನಾಲ್ಕು ವರ್ಷದ ನಾನು, ಅಮ್ಮ ಗದರಿದ್ದು ಯಾರನ್ನು ಎಂದು ಕಿತ್ತಾಡಿದೆವು. ಶುರುವಿನಲ್ಲಿ ಇಬ್ಬರೂ ಅದು ತಾವಲ್ಲವೆಂದು ವಾದಿಸುತ್ತಿದ್ದೆವು. ಕೊನೆಕೊನೆಗೆ ಅದು ಹೇಗೋ ತಿರುಗುಮುರುಗಾಗಿ, ಇಬ್ಬರೂ ತಾವೇ ಇರಬೇಕೆಂದು ಹಟ ಹಿಡಿದಿದ್ದೆವು. ಭಾವ ನಡುವೆ ಕೂತು ಮಡಿಸಿದ ಬಟ್ಟೆಗಳನ್ನು ಎಣಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಭಾವ ಇಸ್ತ್ರಿಯ ಅಂಗಿ ಹಾಕಿಕೊಂಡಿದ್ದರು, ಹೆಣ್ಣು ನೋಡಲು ಬಂದ ದಿನದ ಹಾಗೆ. ತೆರೆಯ ಮೇಲೆ ಮೊದಲು ಮಗಳ ಮುಖ ಬಂತು, ಆಮೇಲೆ ಅವಳು ಸರಿದು ಅಪ್ಪನನ್ನು ಕೂರಿಸಿದಳು. ತೆಳ್ಳನೆಯ ಮನುಷ್ಯ, ಬಿಳಿ ಹುಬ್ಬು, ನುಣ್ಣಗೆ ಕ್ಷೌರ ಮಾಡಿದ ಗಲ್ಲ. ಹಿಂದೆ ಹೂವಿನ ಪರದೆ. ಬಾಯಿಮಾತಿನಲ್ಲಿ ಭಾವನ ಇಂಗ್ಲಿಷು ಕನ್ನಡಕದ ಚೀಟಿಗೆ ಸಾಲುವಷ್ಟಿತ್ತು, ಅಜ್ಜನದೂ ಹೆಚ್ಚೇನಿರಲಿಲ್ಲ. ಆದರೂ ಭಾವ ತಮ್ಮ ಯಂತ್ರವನ್ನು ಎತ್ತಿ ತೋರಿಸಿದ್ದೇ ತಡ, ಅಜ್ಜನ ಮುಖದಲ್ಲಿ ದೀಪ ಹತ್ತಿತು. ಟೇಪ್ ರೆಕಾರ್ಡರಿನ ತಲೆಯನ್ನು ಯಾವುದರಿಂದ ಒರೆಸುತ್ತೀಯೆ ಎಂದು ವಿಚಾರಿಸಿದ. ಭಾವ ಹೇಳಿದರು. ಅಜ್ಜ ಮೆಚ್ಚಿದ. ಇಬ್ಬರೂ ಹುಟ್ಟಿದಂದಿನಿಂದ ಪರಿಚಿತರಂತೆ ಸ್ವಲ್ಪ ಹೊತ್ತು ಅದೇ ಮಾತಾಡಿದರು.

ಮಗಳು ಮೆಲ್ಲಗೆ ಗುಪ್ತಪದದ ವಿಷಯ ತೆಗೆದಳು. ಅಜ್ಜ ಓಹೋ ಗೊತ್ತು ಎಂದು ಒಂದು ಹೆಸರು ಹೇಳಿದ. ಅವಳು ಪಕ್ಕದ ಕಂಪ್ಯೂಟರಿನಲ್ಲಿ ಒತ್ತಿ ನೋಡಿ ತಲೆಯಾಡಿಸಿದಳು. ಇನ್ನೊಂದು ಹೇಳಿದ, ಅದೂ ಅಲ್ಲ. ಇನ್ನೊಂದು. ಭಾವ ನನ್ನ ಕಿವಿಯಲ್ಲಿ, ಎಲ್ಲ ಕ್ಯಾಸೆಟ್ಟುಗಳ ಹೆಸರು ಕಣೋ, ನಂಬರಿನ ಪ್ರಕಾರ ಸಾಲಾಗಿ ಹೇಳ್ತಿದ್ದಾರೆ ಎಂದರು. ಇಪ್ಪತ್ತಾದ ಮೇಲೆ ಮಗಳು ಒತ್ತುವುದನ್ನು ನಿಲ್ಲಿಸಿದಳು. ಅಜ್ಜ ಹೇಳುವುದನ್ನು ನಿಲ್ಲಿಸಲಿಲ್ಲ.

ಅಕ್ಕ ತನ್ನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಅದನ್ನ ಬಿಡಿ. ಅವರಿಗೆ ಹಿಂಸೆ ಕೊಡ್ಬೇಡಿ. ನಮ್ಮ ಕ್ಯಾಸೆಟ್ ನೆನಪಿದೆಯಾ, ಅದನ್ನ ಕೇಳಿ.”

ಭಾವ ಕ್ಯಾಸೆಟ್ಟಿನ ನಂಬರು ಹೇಳಿದರು. ಹಾಡುವ ಹೆಂಗಸು ಎಂದು ಕೈಸನ್ನೆ ಮಾಡಿದರು. ಅಜ್ಜ ಕಣ್ಣು ಮುಚ್ಚಿದ. ಬಾಯಿ ಗುಂಡಗೆ ಮಾಡಿ, ಸಣ್ಣಗೆ, ಒಂದೇ ಸಮನೆ ‘ಪೀ’ ಎಂದು ಉಸಿರು ಬಿಡತೊಡಗಿದ. ನಮಗೆ ಗಾಬರಿಯಾಯಿತು. ಅಷ್ಟರಲ್ಲಿ ‘ಟಿರ್’ ಎಂದು ಒಂದು ತುಣುಕು, ಮತ್ತೆ ‘ಪೀ’, ಆಮೇಲೆ ಕೆನ್ನೆ ಉಬ್ಬಿಸಿ ‘ಟರ್ರ್‌ರ್’ ಎಂದು ಉದ್ದಕ್ಕೆ.

“ಪ್ರೋಗ್ರಾಮ್ ಬರ್ತಾ ಇದೆ,” ಎಂದರು ಭಾವ. “ಇದು ನಂದೇ. ಮೊದಲನೇ ಸಲದ್ದು.”

ಅಜ್ಜ ಮೂರು ಸಲವೂ ನುಡಿಸಿದ, ಪ್ರತಿ ಸಲ ಸ್ವಲ್ಪ ಚಿಕ್ಕದಾಗಿ. ಮಗಳು ಹಿಂದೆ ನಿಂತು ಅಪ್ಪನ ಭುಜದ ಮೇಲೆ ಕೈಯಿಟ್ಟಿದ್ದಳು. ಅಕ್ಕ ಗುರುಗಳ ಮುಂದೆ ಕೂತಂತೆ ನೆಟ್ಟಗೆ ಕೂತಿದ್ದಳು. ಮೂರನೆಯದು ಮುಗಿದಾಗ ಅಜ್ಜ ನಾಲಿಗೆಯಲ್ಲಿ ‘ಟಕ್’ ಎನಿಸಿದ. ಗುಂಡಿ ಎದ್ದ ಸದ್ದು. ಆಮೇಲೆ ತೋರುಬೆರಳು ಎತ್ತಿ ಹಿಡಿದು, ಸುಮ್ಮನಿರಿ ಎನ್ನುವಂತೆ ನಮ್ಮೆಲ್ಲರನ್ನೂ ನೋಡಿ, ಮತ್ತೆ ಕಣ್ಣು ಮುಚ್ಚಿದ.

ಹಾಡುತ್ತಾನೆ ಎಂದುಕೊಂಡೆವು. ಹಾಡಲಿಲ್ಲ. ಅವನ ತುಟಿ ಅಲುಗಲಿಲ್ಲ. ತಲೆ ಮಾತ್ರ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮೆಲ್ಲಗೆ ತೂಗತೊಡಗಿತು. ಎತ್ತಿದ ಬೆರಳು ಒಂದು ಕಡೆ ತುಸು ಏರಿತು, ತಡೆಯಿತು, ಇಳಿಯಿತು. ಅವನು ಕೇಳುತ್ತಿದ್ದ.

ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಕೈ ಅಡ್ಡ ಹಿಡಿದಳು. ನಾವು ಮೂವರೂ ತೆರೆಯ ಹತ್ತಿರ ಹತ್ತಿರಕ್ಕೆ ಬಾಗಿದೆವು, ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು. ಇದ್ದಕ್ಕಿದ್ದಂತೆ ಅಜ್ಜನ ಬಿಳಿ ಹುಬ್ಬುಗಳು ಮೇಲಕ್ಕೆ ಜಿಗಿದವು. ತಲೆ ತೂಗುವುದು ನಿಂತಿತು. ಗೊತ್ತಿಲ್ಲದ ಭಾಷೆಯಲ್ಲಿ ಬೈಸಿಕೊಂಡವರ ಹಾಗೆ ಅವನು ಸಣ್ಣಗೆ ನಕ್ಕ.

“ಈಗ ಗದರಿದ್ಲು,” ಎಂದಳು ಅಕ್ಕ.

ತಲೆ ಮತ್ತೆ ತೂಗತೊಡಗಿತು. ಭಾವ ಕೈ ಚಾಚಿ ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಆ ದೂರದ ಕೋಣೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಯಾರೋ ಬೀದಿಯಲ್ಲಿ ಗಾಡಿ ನಿಲ್ಲಿಸಿದ್ದು ಕೇಳಿಸಿತು, ಅಜ್ಜನ ಮೂಗಿನ ಉಸಿರು ಕೇಳಿಸಿತು. ಗುಂಡಿ ಅದಕ್ಕಿಂತ ಆಚೆ ತಿರುಗುತ್ತಿರಲಿಲ್ಲ. ಭಾವ ತಿರುಗಿಸುತ್ತಲೇ ಇದ್ದರು.